ಹಿಂಗಾಲಿಯ ಶಾಕಪ್ಪು

ಅಡಿಗೆ, ಹಬ್ಬ, ಮಕ್ಕಳ ಆರೈಕೆ, ಪುರಾಣಕಥೆ ಮೊದಲಾದವುಗಳನ್ನೋದಲು ಈ ಮಾಸಪತ್ರಿಕೆಯನ್ನು ಬಿಡಿಸುವ ವಾಚಕರು, ಮೋಟಾರುಸಾಯಕಲ್ಲಿನ ಒಂದು ಬಿಡಿಭಾಗವನ್ನು ಕುರಿತ ಈ ಲೇಖನವನ್ನು ಕಂಡು, ಮುದ್ರಣಾಲಯದಲ್ಲಿ ಹಾಳೆಗಳು ಅದಲುಬದಲಾದವೇನೋ ಎಂದುಕೊಂಡಾರು. ಹಾಗೇನೂ ಆಗಿಲ್ಲ. ನಮ್ಮ ಕಡೆಯಲ್ಲಿ ಈಗ ಚಕ್ಕಡಿಯಿಲ್ಲದ ಒಕ್ಕಲುಮನೆಗಳು ಬಹಳ, ಮೋಟಾರುಸಾಯಕಲ್ಲು ಇಲ್ಲದವು ವಿರಳ. ಮಗಳನ್ನು ಕಾಲೇಜಿಗೆ ಮುಟ್ಟಿಸುವದು, ಮುದುಕರನ್ನು ದವಾಖಾನೆಗೆ ಒಯ್ಯುವದು, ಹೊಲಕ್ಕೆ ಗೊಬ್ಬರ, ಪೇಟೆಗೆ ಹಾಲು, ಬೀಗರೂರಿಗೆ ಬುತ್ತಿ, ಎಲ್ಲವೂ ಅದರ ಬೆನ್ನಿನ ಮೇಲೆಯೇ. ಅಂದಮೇಲೆ ಅದರ ಯೋಗಕ್ಷೇಮವೂ ಮನೆವಾರ್ತೆಯ ಒಂದು ಭಾಗವೇ ಆಗಿರುವದು.

ನಾವು ಇದನ್ನು ಬರೆಯಲು ಕಾರಣವಾದ ಸಂಗತಿಯನ್ನು ಮೊದಲು ಹೇಳಿಬಿಡುವೆವು. 2024ರ ಶ್ರಾವಣ ಮಾಸದ ಒಂದು ಸೋಮವಾರ ನಾವೂ ನಮ್ಮ ಮನೆಯವರೂ ಲಕ್ಷ್ಮೇಶ್ವರದ ಸೋಮೇಶ್ವರನ ದರ್ಶನಕ್ಕೆಂದು ಗದಗಿನಿಂದ ಹೊರಟಿದ್ದೆವು. ಹಾದಿ ಸುಮಾರು 40 ಕಿಲೋಮೀಟರು. ಹಿಂದಿನ ರಾತ್ರಿ ಮಳೆಯಾಗಿದ್ದರಿಂದ ನಾವು ಎಂದಿಗಿಂತಲೂ ಸಾವಕಾಶವಾಗಿಯೇ ನಡೆಸುತ್ತಿದ್ದೆವು. ಒಂದು ಹಳ್ಳಿಯ ಶಾಲೆಯ ಮುಂದೆ ಬಣ್ಣವೂ ಇಲ್ಲದ, ಫಲಕವೂ ಇಲ್ಲದ ರಸ್ತೆಯುಬ್ಬು ಒಂದು ಎದುರಾಯಿತು. ಮುಂದಿನ ಗಾಲಿ ಹತ್ತಿ ಇಳಿಯಿತು. ಹಿಂದಿನದೂ ಹತ್ತಿತು, ಇಳಿಯಿತು. ಇಳಿದದ್ದು ಸುಮ್ಮನಾಗದೆ ಮತ್ತೊಮ್ಮೆ ಪುಟಿಯಿತು. ಆ ಎರಡನೆಯ ಪುಟಿತದೊಡನೆ ನಮ್ಮ ಹಿಂದಿನ ಭಾರ ಒಮ್ಮೆಲೆ ಹಗುರಾದದ್ದು ತಿಳಿದುಬಂದಿತು. ಗಾಡಿ ನಿಲ್ಲಿಸಿ ತಿರುಗಿ ನೋಡುವಷ್ಟರಲ್ಲಿ ಅವರು ರಸ್ತೆಯ ಬದಿಯ ಕೆಸರಿನಲ್ಲಿ ಎಡಗೈ ಹಿಡಿದುಕೊಂಡು ಕುಳಿತಿದ್ದರು. ತಲೆಯ ಮೇಲೆ ಹೆಲ್ಮೆಟ್ಟು ಇದ್ದದ್ದು ದೊಡ್ಡ ಪುಣ್ಯ. ಮಣಿಕಟ್ಟಿನ ಎಲುಬು ಮುರಿದಿತ್ತು. ಆರು ವಾರ ಪ್ಲಾಸ್ಟರಿನಲ್ಲಿ ಕಳೆಯಬೇಕಾಯಿತು. ಹಿಂದಿನಿಂದ ಒಂದು ಲಾರಿ ಬರುತ್ತಿದ್ದರೆ ಏನಾಗುತ್ತಿತ್ತೆಂಬದನ್ನು ನಾವು ಅನೇಕ ರಾತ್ರಿ ನೆನೆಯುತ್ತ ಮಲಗಿದ್ದುಂಟು.

ತಪ್ಪು ರಸ್ತೆಯುಬ್ಬಿನದೆಂದು ನಾವು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದೆವು. ಒಂದು ದಿನ ನಮ್ಮ ಮನೆಯವರು ಒಳಗಿನಿಂದಲೇ, "ಗಾಡಿ ಕೆಟ್ಟೈತಂತ ನನ್ನ ಸೊಂಟ ಎರಡ ತಿಂಗಳಿಂದ ಹೇಳಾಕ ಹತ್ತಿತ್ರಿ. ನೀವು ಯಾರ ಮಾತ ಕೇಳ್ತೀರಿ?" ಎಂದರು. ಬಂದವರು ನಕ್ಕರು, ನಮಗೆ ನಗು ಬರಲಿಲ್ಲ. ಯಾಕಂದರೆ ಮಾತು ನಿಜವಾಗಿತ್ತು. ಜ್ಯೇಷ್ಠ ಮಾಸದಲ್ಲಿಯೇ ಅವರು ಹಿಂದಿನ ಸೀಟು ಕುಲುಕುತ್ತದೆಂದು ಹೇಳಿದ್ದರು. ಆಗ ನಾವು ಗಾಡಿಯನ್ನು ಒಬ್ಬ ಮೆಕ್ಯಾನಿಕನಿಗೆ ತೋರಿಸಿದ್ದೆವು. ಆತನು ಕೊಕ್ಕೆಯ ಪಾನಾ ಹಾಕಿ ಸ್ಪ್ರಿಂಗಿನ ಕೆಳಗಿನ ಬಳೆಯನ್ನು ಕಡೆಯ ಮೆಟ್ಟಿಲಿಗೆ ತಿರುಗಿಸಿ, ಇನ್ನು ಕುಲುಕುವದಿಲ್ಲವೆಂದು ಐವತ್ತು ರೂಪಾಯಿ ತೆಗೆದುಕೊಂಡಿದ್ದನು. ರೋಗ ಒಂದು, ಔಷಧ ಮತ್ತೊಂದು. ಅಷ್ಟೇ ಅಲ್ಲ, ಆ ಔಷಧ ರೋಗವನ್ನು ಬೆಳೆಸುವಂಥದಾಗಿತ್ತು. ಇದು ನಮಗೆ ತಿಳಿದದ್ದು ಕೈ ಮುರಿದ ಮೇಲೆ.

ತಿಳಿಸಿದವನು ಬೆಟಗೇರಿಯಲ್ಲಿ ಸಣ್ಣದೊಂದು ಗ್ಯಾರೇಜು ಇಟ್ಟುಕೊಂಡಿರುವ ನಮ್ಮ ಹಳೆಯ ವಿದ್ಯಾರ್ಥಿ. ವಿಭಕ್ತಿಪ್ರತ್ಯಯಗಳಲ್ಲಿ ಎಂದೂ ಉತ್ತೀರ್ಣನಾಗದ ಹುಡುಗನವನು. ಗಾಡಿಯನ್ನು ನಿಲ್ಲಿಸಿ, ಎರಡೂ ಅಂಗೈಗಳಿಂದ ಸೀಟಿನ ಹಿಂಭಾಗವನ್ನು ಕೆಳಗೆ ಒತ್ತಿ ಕೈ ಬಿಟ್ಟನು. ಗಾಡಿ ಎದ್ದಿತು, ಕುಸಿಯಿತು, ಮತ್ತೆ ಎದ್ದಿತು, ಇನ್ನೊಮ್ಮೆ ಕುಸಿಯಿತು. "ಗುರುಗಳs, ಇದು ಸ್ಪ್ರಿಂಗಿನ ಬ್ಯಾನಿ ಅಲ್ರಿ. ಸ್ಪ್ರಿಂಗ ಗಟ್ಟಿ ಐತ್ರಿ. ಒಳಗಿನ ಎಣ್ಣಿ ಹೋಗೇತ್ರಿ" ಎಂದು ಹೇಳಿ, ಕೊಳವೆಯ ಮೇಲೆ ಧೂಳು ಮೆತ್ತಿದ ಎಣ್ಣೆಯ ಕಲೆಯನ್ನು ಬೆರಳಿನಿಂದ ಒರೆಸಿ ತೋರಿಸಿದನು. ಆ ಕಲೆಯನ್ನು ನಾವು ತಿಂಗಳುಗಟ್ಟಲೆ ಕಂಡಿದ್ದೆವು. ಚೈನಿನ ಎಣ್ಣೆ ಸಿಡಿದಿರಬೇಕೆಂದು ಭಾವಿಸಿದ್ದೆವು.

ಈ ಸಾಮಾನಿನ ಹೆಸರು ಇಂಗ್ಲೀಷಿನಲ್ಲಿ ಶಾಕ್ ಅಬ್ಸಾರ್ಬರ್. ಗ್ಯಾರೇಜಿನ ಬಾಯಿಯಲ್ಲಿ ಅದು ಸವೆದು ಶಾಕಪ್ ಆಗಿರುವದು. ನಾವು ಅಭ್ಯಾಸಬಲದಿಂದ ‘ಆಘಾತಶಾಮಕ’ವೆಂದು ಒಂದು ಪದವನ್ನು ಕಟ್ಟಿ ನಮ್ಮ ಶಿಷ್ಯನ ಮುಂದಿಟ್ಟಾಗ, ಅದು ಯಾವ ಕಂಪನಿಯ ಮಾಲೆಂದು ಅವನು ಕೇಳಿದನು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ ನೆಲೆಗಳಲ್ಲಿ ಒಂದೆಂದು ಎಣಿಸಿದ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಆ ಊರಿನ ಪೇಟೆಯಲ್ಲಿಯೂ ಇಂದು ಶಾಕಪ್ಪೆಂದೇ ಕೇಳಬೇಕು; ಇಲ್ಲದಿದ್ದರೆ ಬರಿಗೈಯಲ್ಲಿ ಮರಳಬೇಕು. ಆದದರಿಂದ ಈ ಲೇಖನದಲ್ಲಿ ನಾವೂ ಜನರ ಮಾತನ್ನೇ ಅನುಸರಿಸುವೆವು.

ಶಾಕಪ್ಪಿನಲ್ಲಿ ಒಂದಲ್ಲ, ಎರಡು ಯಂತ್ರಗಳು ಸೇರಿಕೊಂಡಿವೆ. ಹೊರಗೆ ಕಾಣುವದು ಸುರುಳಿಯಾದ ಉಕ್ಕಿನ ಸ್ಪ್ರಿಂಗು. ಅದರ ಹೊಟ್ಟೆಯೊಳಗೆ ಎಣ್ಣೆ ತುಂಬಿದ ಕೊಳವೆ. ಸ್ಪ್ರಿಂಗಿನ ಕೆಲಸ ಭಾರವನ್ನು ಹೊರುವದು. ನಮ್ಮ ವೈಶೇಷಿಕರು ‘ಸಂಸ್ಕಾರ’ವೆಂಬ ಗುಣವನ್ನು ಮೂರಾಗಿ ಎಣಿಸಿದರು: ವೇಗ, ಭಾವನೆ, ಸ್ಥಿತಿಸ್ಥಾಪಕ. ಬಗ್ಗಿಸಿದ ಅಥವಾ ಎಳೆದ ವಸ್ತುವು ತನ್ನ ಮೊದಲಿನ ನೆಲೆಗೆ ಬರುವದು ಈ ಮೂರನೆಯದರಿಂದ. ಶಾಲೆಯ ವಿಜ್ಞಾನದ ಪುಸ್ತಕಗಳಲ್ಲಿ ಇಂದಿಗೂ ಸ್ಥಿತಿಸ್ಥಾಪಕತ್ವವೆಂಬ ಶಬ್ದ ಇಲ್ಲಿಂದಲೇ ಬಂದದ್ದು. ಎಷ್ಟು ಬಲವೋ ಅಷ್ಟೇ ಪ್ರಮಾಣದ ಕುಗ್ಗುವಿಕೆಯೆಂಬ ಲೆಕ್ಕವನ್ನು ಇಂಗ್ಲಂಡಿನ ರಾಬರ್ಟ ಹುಕ್ಕನು 1678ರಲ್ಲಿ ಪ್ರಕಟಿಸಿದನು. (ಅನುಭವದ ನೆನಪನ್ನು ಉಳಿಸುವ ಭಾವನೆಯನ್ನೂ ಸ್ಪ್ರಿಂಗಿನ ಗುಣವನ್ನೂ ನಮ್ಮ ಶಾಸ್ತ್ರಕಾರರು ಒಂದೇ ಪಂಕ್ತಿಯಲ್ಲಿ ಕೂರಿಸಿದ್ದೇಕೆಂದು ನಮಗೆ ಮೊದಲು ಸೋಜಿಗವೆನಿಸುತ್ತಿತ್ತು. ಪ್ಲಾಸ್ಟರಿನ ಆರು ವಾರಗಳಲ್ಲಿ, ನಮ್ಮ ಮನೆಯವರ ಸಹವಾಸದಲ್ಲಿ, ಆ ಸಂಶಯ ನಿವಾರಣೆಯಾಯಿತು.)

ಆದರೆ ಸ್ಥಿತಿಸ್ಥಾಪಕಕ್ಕೆ ಒಂದು ದೋಷವುಂಟು. ಕುಗ್ಗಿದ ಸ್ಪ್ರಿಂಗು ತಾನು ಕೂಡಿಟ್ಟ ಶಕ್ತಿಯನ್ನೆಲ್ಲ ಹಾಗೆಯೇ ಹಿಂದಕ್ಕೆ ಕೊಡುವದು. ಇಮ್ಮಡಿ ಕುಗ್ಗಿದರೆ ಕೂಡುವ ಶಕ್ತಿ ಇಮ್ಮಡಿಯಲ್ಲ, ನಾಲ್ಮಡಿ. ಸಣ್ಣ ತಗ್ಗಿನಲ್ಲಿ ಸುಮ್ಮನಿದ್ದ ಗಾಡಿ ದೊಡ್ಡ ಉಬ್ಬಿನಲ್ಲಿ ಒಮ್ಮೆಲೆ ಒದೆಯುವದು ಇದರಿಂದಲೇ. ಈ ಒದೆತವನ್ನು ತಡೆಯುವದಕ್ಕಾಗಿ ಒಳಗಿನ ಎಣ್ಣೆ. ಕೊಳವೆಯೊಳಗೆ ಸಣ್ಣ ರಂಧ್ರಗಳುಳ್ಳ ಒಂದು ಬಿರಡೆ ಮೇಲೆ ಕೆಳಗೆ ಓಡಾಡುವದು. ಎಣ್ಣೆಯು ಆ ರಂಧ್ರಗಳಲ್ಲಿ ನುಸುಳಿಯೇ ಹೋಗಬೇಕು. ನುಸುಳುವಾಗ ವೇಗವು ಕುಂದಿ, ಶಕ್ತಿಯು ಶಾಖವಾಗಿ ಗಾಳಿಗೆ ಸೇರುವದು. ಸ್ಪ್ರಿಂಗು ಹೊರುವದು, ಎಣ್ಣೆ ಶಮನಗೊಳಿಸುವದು. ಎಣ್ಣೆ ಸೋರಿದ ಶಾಕಪ್ಪೆಂದರೆ ಲಗಾಮಿಲ್ಲದ ಕುದುರೆ.

ಗದಗಿನ ನಿಲ್ದಾಣದ ಮುಂದೆ ಹಿಂದಕ್ಕೆ ನಿಲ್ಲುತ್ತಿದ್ದ ಟಾಂಗಾಗಳಿಗೆ ಎಣ್ಣೆಯ ಕೊಳವೆ ಎಲ್ಲಿತ್ತೆಂದು ಹಿರಿಯ ವಾಚಕರು ಕೇಳಬಹುದು. ಟಾಂಗಾದ ಕಮಾನು ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪಟ್ಟಿಗಳಿಂದಾದದ್ದು. ಕುಗ್ಗುವಾಗಲೂ ಏಳುವಾಗಲೂ ಆ ಪಟ್ಟಿಗಳು ಪರಸ್ಪರ ತಿಕ್ಕಾಡಿ ತಾವೇ ಶಕ್ತಿಯನ್ನು ನುಂಗುತ್ತಿದ್ದವು. ಸುರುಳಿಯ ಸ್ಪ್ರಿಂಗಿನಲ್ಲಿ ಅಂಥ ತಿಕ್ಕಾಟ ಅತ್ಯಲ್ಪ. ಆದದರಿಂದ ಅದಕ್ಕೆ ಎಣ್ಣೆಯ ಜೊತೆ ಬೇಕೇಬೇಕು. ಇನ್ನು ನಮ್ಮ ಚಕ್ಕಡಿಗೆ ಎರಡೂ ಇರಲಿಲ್ಲ. ಅದು ಎತ್ತಿನ ನಡಿಗೆಯಲ್ಲಿ ಸಾಗುತ್ತಿತ್ತು, ಒಳಗೆ ಹುಲ್ಲು ಹಾಸಿರುತ್ತಿತ್ತು.

ಮೊದಮೊದಲಿನ ಮೋಟಾರುಸಾಯಕಲ್ಲುಗಳೂ ಹಿಂದುಗಡೆ ಚಕ್ಕಡಿಯಂತೆಯೇ ಇದ್ದವು. ಹಿಂದಿನ ಗಾಲಿಯನ್ನು ಕವಲುಗೋಲಿನಲ್ಲಿ ಹಿಡಿದು, ಅದನ್ನು ಮೇಲೆ ಕೆಳಗೆ ತೂಗಾಡಗೊಟ್ಟು, ಎರಡು ಬದಿಗೆ ಎರಡು ಶಾಕಪ್ಪು ನಿಲ್ಲಿಸುವ ಕ್ರಮವು ಎರಡನೆಯ ಮಹಾಯುದ್ಧದ ತರುವಾಯ ಬಳಕೆಗೆ ಬಂದಿತು. 1948ರಲ್ಲಿ ಈ ಬಗೆಯ ರಾಯಲ್ ಎನ್‌ಫೀಲ್ಡ್ ಬುಲೆಟ್ಟು ಇಂಗ್ಲಂಡಿನಲ್ಲಿ ಕಾಣಿಸಿಕೊಂಡಿತು. 1955ರಲ್ಲಿ ಮದ್ರಾಸಿನಲ್ಲಿ ಅದರ ಕಂಪನಿ ಸ್ಥಾಪಿತವಾಯಿತು. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ 1996ರ ವರೆಗೆ ಗಾಡಿಗಳನ್ನು ಮಾಡಿತು. ಇಂದು ಹಳ್ಳಿಹಳ್ಳಿಗಳಲ್ಲಿ ಓಡಾಡುವ ನೂರು ಸಿಸಿಯ ಸಣ್ಣ ಗಾಡಿಗಳಲ್ಲಿಯೂ ಹೆಚ್ಚಾಗಿ ಇದೇ ಎರಡು ಶಾಕಪ್ಪಿನ ಕ್ರಮವಿರುವದು.

ಈ ಸಣ್ಣ ಯಂತ್ರದ ಮೇಲೆ ನಮ್ಮ ಸೀಮೆಯು ಹೊರಿಸುವ ಕಷ್ಟ ಸಾಮಾನ್ಯವಲ್ಲ. ಗದಗ, ಲಕ್ಷ್ಮೇಶ್ವರಗಳ ಸುತ್ತಿನ ಎರಿ ಭೂಮಿಯು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವದು. ಬೇಸಗೆಯಲ್ಲಿ ಒಣಗಿ, ಕೈ ಹೋಗುವಷ್ಟು ಅಗಲಕ್ಕೆ ಬಿರಿಯುವದು. ಅದರ ಮೇಲೆ ಹಾಸಿದ ಡಾಂಬರಿನ ರಸ್ತೆಯು ಎಷ್ಟೇ ಚೆನ್ನಾಗಿದ್ದರೂ ಕೆಲವು ವರ್ಷಗಳಲ್ಲಿ ತೆರೆತೆರೆಯಾಗುವದು. ಶಿರಹಟ್ಟಿ, ಮುಂಡರಗಿಗಳ ಕಡೆ ಕಪ್ಪತಗುಡ್ಡದ ಮಗ್ಗುಲಿಗೆ ಬಂದರೆ ಮಸಾರಿ ನೆಲ, ಗರಸು, ಕಲ್ಲು. ಅಲ್ಲಿ ತೆರೆಯಿಲ್ಲ, ಕುಟುಕುವಿಕೆಯುಂಟು. ತೆರೆಯು ಶಾಕಪ್ಪಿನ ಎಣ್ಣೆಯನ್ನು ಕಾಯಿಸಿದರೆ ಕಲ್ಲು ಅದರ ಬುಶ್ಶುಗಳನ್ನು ಸವೆಸುವದು. ಹೇರು ಹೇಳತೀರದು. ಯೂರಿಯಾದ ಚೀಲ 45 ಕಿಲೋ, ಡಿಎಪಿ ಚೀಲ 50 ಕಿಲೋ. ಎರಡು ಚೀಲಗಳನ್ನು ಹಿಂದೆ ಹಾಕಿ, ಅವುಗಳ ಮೇಲೆ ತಮ್ಮನನ್ನೂ ಕೂರಿಸಿಕೊಂಡು ಹೊಲಕ್ಕೆ ಹೊರಡುವವರು ಮುಂಗಾರಿನಲ್ಲಿ ನಿತ್ಯ ಕಣ್ಣಿಗೆ ಬೀಳುವರು. ಎರಡೂ ಬದಿಗೆ ಹಾಲಿನ ಕ್ಯಾನು ತೂಗಹಾಕಿ ಬೆಳಗಿನ ಜಾವದಲ್ಲಿ ಗದಗಿಗೆ ಬರುವವರು ಮತ್ತೊಂದು ಬಗೆ. ಉಳ್ಳಾಗಡ್ಡಿ, ಶೇಂಗಾ, ಒಣಮೆಣಸಿನಕಾಯಿಗಳ ಸುಗ್ಗಿಯಲ್ಲಂತೂ ಗಾಡಿಯೇ ಕಾಣದೆ ಚೀಲವೇ ಓಡಿಬಂದಂತೆ ತೋರುವದು. ಹೀಗೆ ಹೇರುವದು ಸರಿಯಲ್ಲವೆಂದು ಬರೆಯುವದು ಸುಲಭ. ಬಾಡಿಗೆಯ ಟೆಂಪೋಕ್ಕೆ ಕೊಡಲು ರೊಕ್ಕವಿಲ್ಲದವನಿಗೆ ಅದನ್ನು ಹೇಳಲು ನಮ್ಮ ನಾಲಿಗೆ ಏಳುವದಿಲ್ಲ. ಆದರೆ ಹೇರು ಹೊರುವ ಗಾಡಿಯ ಶಾಕಪ್ಪು ಬೇಗ ಮುಪ್ಪಾಗುವದೆಂಬದನ್ನಾದರೂ ಅವನು ತಿಳಿದಿರಬೇಕು.

ರಸ್ತೆಯುಬ್ಬುಗಳ ವಿಷಯವನ್ನು ನಾವು ಪೂರ್ಣವಾಗಿ ಬಿಟ್ಟುಕೊಡಲಾರೆವು. ಭಾರತೀಯ ರಸ್ತೆ ಕಾಂಗ್ರೆಸ್ಸೆಂಬ ಸಂಸ್ಥೆಯ 1988ರ ಸೂಚನೆಯಂತೆ ಉಬ್ಬು ಬಿಲ್ಲಿನಂತೆ ದುಂಡಗಿರಬೇಕಾಗಿತ್ತು. ಎತ್ತರ 10 ಸೆಂಟಿಮೀಟರು, ಅಗಲ 3.7 ಮೀಟರು, ತ್ರಿಜ್ಯ 17 ಮೀಟರು. ತಾಸಿಗೆ 25 ಕಿಲೋಮೀಟರಿನ ವೇಗದಲ್ಲಿ ಅದನ್ನು ಸುಖವಾಗಿ ದಾಟಬಹುದು. ಅಗಲ 3.7 ಮೀಟರೆಂದರೆ ಎರಡು ಆಳಿಗಿಂತಲೂ ಹೆಚ್ಚು. ಊರವರು ಒಂದು ಟ್ರ್ಯಾಕ್ಟರು ಗರಸು ಸುರುವಿ ಮಾಡಿದ ಉಬ್ಬು ಒಂದು ಮೊಳವಿದ್ದರೆ ಹೆಚ್ಚು. ಅದು ಉಬ್ಬಲ್ಲ, ಹೊಸ್ತಿಲು. ಮಕ್ಕಳ ಜೀವಕ್ಕಂಜಿ ಅವರು ಹಾಕಿರುವರೆಂಬದು ನಿಜ. ಆ ಭಯ ಸಕಾರಣವಾದದ್ದೇ.

ಹಿಂದೆ ಕುಳಿತವರಿಗೇ ಪೆಟ್ಟು ಹೆಚ್ಚು ತಾಗುವದೇಕೆ? ನಡೆಸುವವನು ಎರಡು ಗಾಲಿಗಳ ನಡುವೆ ಕುಳಿತಿರುವನು. ಹಿಂದಿನ ಗಾಲಿ ಒಂದು ಗೇಣು ಎದ್ದರೆ ಅವನು ಸುಮಾರು ಅರ್ಧ ಗೇಣು ಏಳುವನು. ಹಿಂದಿನವರು ಹಿಂಗಾಲಿಯ ನೆತ್ತಿಯ ಮೇಲೆಯೇ ಇರುವದರಿಂದ ಇಡಿಯ ಗೇಣೂ ಅವರದೇ. ಅದಲ್ಲದೆ ನಡೆಸುವವನಿಗೆ ಹ್ಯಾಂಡಲಿನ ಆಧಾರವುಂಟು, ಉಬ್ಬು ಬರುವದು ಕಣ್ಣಿಗೂ ಕಾಣುವದು. ಸೀರೆಯುಟ್ಟು ಒಂದೇ ಮಗ್ಗುಲಿಗೆ ಕಾಲಿಳಿಬಿಟ್ಟು ಕೂಡುವ ಹೆಣ್ಣುಮಕ್ಕಳಿಗೆ ಮೊಣಕಾಲುಗಳಿಂದ ಸೀಟನ್ನು ಅವಚಿ ಹಿಡಿಯುವ ಅನುಕೂಲವೂ ಇಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು, ಹಿಂದೆ ಕೂಡುವವರಿಗೆ ಕೈಹಿಡಿಕೆ, ಕಾಲಿಡುವ ಮೆಟ್ಟು, ಹಿಂಗಾಲಿಯ ಅರ್ಧವನ್ನಾದರೂ ಮುಚ್ಚುವ ಮರೆ, ಇವಿಷ್ಟೂ ಇರಲೇಬೇಕೆಂದು ವಿಧಿಸಿರುವದು. ಅಂದವೆಂದು ಹುಡುಗರು ಹಿಡಿಕೆಯನ್ನೂ ಸಾರಿ ಗಾರ್ಡನ್ನೂ ಬಿಚ್ಚಿಸಿ ಒಗೆಯುವರು. ತಾಯಿಯನ್ನು ಅದೇ ಗಾಡಿಯ ಮೇಲೆ ಕೂರಿಸಿಕೊಂಡು ಹೊರಡುವರು. ಮೇಲಾಗಿ, ಗಾಡಿಯ ಹಿಂಭಾಗದ ಆರೋಗ್ಯವನ್ನು ನಡೆಸುವವನಿಗಿಂತ ಹಿಂದೆ ಕುಳಿತವರೇ ಮೊದಲು ಬಲ್ಲರು. ನಮ್ಮ ತಪ್ಪಿನ ಬೇರು ಇಲ್ಲಿಯೇ ಇತ್ತು.

ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಬಹುದು. ನಮ್ಮ ಶಿಷ್ಯನಂತೆ ಸೀಟಿನ ಹಿಂಭಾಗವನ್ನು ಬಲವಾಗಿ ಒತ್ತಿ ಬಿಡಿರಿ. ಒಮ್ಮೆ ಎದ್ದು ನಿಂತರೆ ಕ್ಷೇಮ; ತೊಟ್ಟಿಲಿನಂತೆ ಎರಡು ಮೂರು ಸಲ ತೂಗಿದರೆ ಎಣ್ಣೆ ಹೋಗಿರುವದು. ಎರಡು ಕೊಳವೆಗಳಲ್ಲಿ ಒಂದರ ಮೇಲಾದರೂ ಒದ್ದೆ ಕಲೆ ಇದೆಯೋ ನೋಡಿರಿ. ಒರೆಸಿ ಒಂದು ವಾರ ಬಿಟ್ಟು ಮತ್ತೆ ನೋಡಿರಿ. ತಗ್ಗಿನಲ್ಲಿ ಕಟಕ್ಕೆಂಬ ಸದ್ದು ಬಂದರೆ ಹೆಚ್ಚಾಗಿ ಮೇಲಿನ ಅಥವಾ ಕೆಳಗಿನ ಕಣ್ಣಿನ ರಬ್ಬರ ಬುಶ್ಶು ಸವೆದಿರುವದು. ಅದು ಅಗ್ಗದ ಮಾಲು, ಅದಕ್ಕಾಗಿ ಇಡಿಯ ಶಾಕಪ್ಪನ್ನು ಬದಲಿಸಬೇಕಾಗಿಲ್ಲ. ಆದರೆ ಇದೆಲ್ಲಕ್ಕೂ ಮೊದಲು ಗಾಲಿಯ ಗಾಳಿ ನೋಡಬೇಕು. ಗಾಳಿ ಮಿತಿಮೀರಿ ತುಂಬಿಸಿಕೊಂಡು ಶಾಕಪ್ಪು ಕೆಟ್ಟಿತೆಂದು ಬರುವವರು ತಿಂಗಳಿಗೆ ಹತ್ತು ಜನರೆಂದು ಶಿಷ್ಯನು ನಕ್ಕನು.

ಬದಲಿಸುವ ಕೆಲಸವನ್ನು ನಾವು ಅವನ ಪಕ್ಕದಲ್ಲಿ ಡಬ್ಬಿಯೊಂದರ ಮೇಲೆ ಕುಳಿತು ಮೊದಲಿನಿಂದ ಕಡೆಯ ವರೆಗೆ ನೋಡಿದೆವು. ಗಟ್ಟಿ ನೆಲದ ಮೇಲೆ ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಹಾಕಿದನು. ಹಿಂದಿನ ಗಾಲಿ ನೆಲದಿಂದ ಎದ್ದಿತಲ್ಲ, ಅದರ ಕೆಳಗೆ ಹಲಿಗೆಯ ತುಂಡುಗಳನ್ನು ಸೇರಿಸಿ ಗಾಲಿಯು ಜೋತುಬೀಳದಂತೆ ಮಾಡಿದನು. ಹಿಂದಿನ ಹಿಡಿಕೆಯು ಮೇಲಿನ ನಟ್ಟಿನೊಡನೆಯೇ ಕೂಡಿದ್ದರಿಂದ ಅದನ್ನು ಸಡಿಲಿಸಿದನು. ಮುಖ್ಯವಾದ ಸಂಗತಿಯೆಂದರೆ, ಎರಡೂ ಶಾಕಪ್ಪುಗಳನ್ನು ಒಮ್ಮೆಗೇ ಬಿಚ್ಚಲಿಲ್ಲ. ಒಂದು ಬದಿಯದನ್ನು ಬಿಚ್ಚಿ ಹೊಸದನ್ನು ಕೂರಿಸುವ ವರೆಗೆ ಇನ್ನೊಂದು ಬದಿಯದು ಗಾಲಿಯನ್ನು ಅದರ ಎತ್ತರದಲ್ಲಿ ಹಿಡಿದಿರುವದು. ಎರಡನ್ನೂ ಬಿಚ್ಚಿದರೆ ಗಾಲಿ ಕೆಳಗಿಳಿದು, ತೂತುಗಳನ್ನು ಸರಿಗೂಡಿಸಲು ಇಬ್ಬರು ಒದ್ದಾಡಬೇಕಾಗುವದು. ತೆಗೆದ ವಾಯ್ಸರುಗಳನ್ನು ಯಾವ ಕ್ರಮದಲ್ಲಿ ಬಂದವೋ ಅದೇ ಕ್ರಮದಲ್ಲಿ ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಇಟ್ಟನು. ಅನ್ವಯಕ್ರಮವನ್ನು ನಾವು ಎಂಟು ವರ್ಷ ಕಲಿಸಿದರೂ ಬಾರದವನಿಗೆ ಇದು ಯಾರು ಕಲಿಸಿದರೋ!

ಹೊಸ ಶಾಕಪ್ಪನ್ನು ಪೆಟ್ಟಿಗೆಯಿಂದ ತೆಗೆದ ಕೂಡಲೆ ಹಾಕಲಿಲ್ಲ. ಅಂಗಡಿಯಲ್ಲಿ ಅಡ್ಡಮಲಗಿಸಿಟ್ಟಾಗ ಎಣ್ಣೆಯ ದಾರಿಯಲ್ಲಿ ಗಾಳಿ ಸೇರಿರುವದುಂಟು. ಆದದರಿಂದ ಅದನ್ನು ನೆಟ್ಟಗೆ ಹಿಡಿದು, ಮೈಭಾರ ಹಾಕಿ, ನಾಲ್ಕಾರು ಸಲ ಒತ್ತಿ ಬಿಟ್ಟನು. ಗೂಟಗಳನ್ನು ಒರೆಸಿ ತುಸು ಗ್ರೀಸು ಸವರಿದನು. ನಟ್ಟುಗಳನ್ನು ಮೊದಲು ಕೈಯಿಂದಲೇ ಕೂರಿಸಿ, ಎರಡೂ ಬದಿ ಮುಗಿದ ಮೇಲೆ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ, ಭಾರವು ಗಾಲಿಯ ಮೇಲೆ ಬಂದಾಗ ಪೂರ್ತಿ ಬಿಗಿದನು. ಗಾಲಿ ಜೋತಿರುವಾಗಲೇ ಬಿಗಿದರೆ ಬುಶ್ಶಿನ ರಬ್ಬರು ಸದಾ ತಿರುಚಿಕೊಂಡಿದ್ದು ಬೇಗ ಹರಿಯುವದಂತೆ. ಮೇಲಿನ ಗುಮ್ಮಟದ ನಟ್ಟನ್ನು ಮೈಮರೆತು ಬಿಗಿದರೆ ಎಳೆ ಹೋಗುವದು. ನೂರು ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ಪಾನಾ ಹಾಕಿ ನೋಡಬೇಕು.

ಒಂದೇ ಸೋರುತ್ತಿದೆಯೆಂದು ಒಂದನ್ನೇ ಬದಲಿಸುವ ಮಿತವ್ಯಯ ಕೂಡದು. ಹೊಸದು ಎಡಕ್ಕೆ, ಮುಪ್ಪಾದದ್ದು ಬಲಕ್ಕೆ ಇದ್ದರೆ ಕವಲುಗೋಲು ತಿರುಚಿ, ತಿರುವಿನಲ್ಲಿ ಗಾಡಿ ಓಲಾಡುವದು. ಎರಡರ ಬೆಲೆಯೂ ಸೇರಿ, ಕೈಯ ಕ್ಷಕಿರಣದ ಚಿತ್ರಕ್ಕೂ ಪ್ಲಾಸ್ಟರಿಗೂ ನಾವು ತೆತ್ತದ್ದಕ್ಕಿಂತ ಕಡಿಮೆಯಾಯಿತು. ಸೋರಿದ ಶಾಕಪ್ಪಿಗೆ ತೂತು ಹೊಡೆದು ಎಂಜಿನ್ನಿನ ಎಣ್ಣೆ ತುಂಬಿ ಬೆಸುಗೆ ಹಾಕಿಕೊಡುವವರೂ ಇದ್ದಾರೆ. ಎಂಜಿನ್ನಿನ ಎಣ್ಣೆಯ ಸ್ನಿಗ್ಧತೆ ಬೇರೆ, ಶಾಕಪ್ಪಿನದು ಬೇರೆ. ಈಗಿನ ಹಲವು ಶಾಕಪ್ಪುಗಳಲ್ಲಿ ಎಣ್ಣೆಯೊಡನೆ ನೈಟ್ರೋಜನ್ ವಾಯುವನ್ನು ಒತ್ತಡದಲ್ಲಿ ತುಂಬಿರುವರು. ಅಂಥದಕ್ಕೆ ತೂತು ಹೊಡೆಯುವದಾಗಲಿ, ಹಳೆಯದನ್ನು ಬೆಂಕಿಗೆ ಹಾಕುವದಾಗಲಿ ಪ್ರಾಣಕ್ಕೆ ಅಪಾಯ. ಮಕ್ಕಳ ಕೈಗೆ ಸಿಗದಂತೆ ಗುಜರಿಯವನಿಗೆ ಹೇಳಿಯೇ ಕೊಡಬೇಕು.

ಈಗ ಆ ಬಳೆಯ ವಿಷಯ. ಸ್ಪ್ರಿಂಗಿನ ಒಂದು ತುದಿಯಲ್ಲಿ ಸಾಮಾನ್ಯವಾಗಿ ಐದು ಮೆಟ್ಟಿಲುಗಳುಳ್ಳ ಬಳೆಯಿರುವದು. ಗಾಡಿಯೊಡನೆ ಬರುವ ಕೊಕ್ಕೆಯ ಪಾನಾದಿಂದ ಅದನ್ನು ತಿರುಗಿಸುವರು. ಮೇಲಿನ ಮೆಟ್ಟಿಲಿಗೆ ಒಯ್ದರೆ ಸ್ಪ್ರಿಂಗು ಗಡುಸಾಗುವದೆಂದು ಎಲ್ಲರೂ ತಿಳಿದಿರುವರು, ನಾವೂ ತಿಳಿದಿದ್ದೆವು. ಅದು ಸರಿಯಲ್ಲ. ಸ್ಪ್ರಿಂಗಿನ ಗಡಸುತನ ಉಕ್ಕಿನ ದಪ್ಪ, ಸುರುಳಿಯ ಅಗಲ, ಸುತ್ತುಗಳ ಎಣಿಕೆ ಇವುಗಳಿಂದ ನಿಶ್ಚಿತವಾದದ್ದು. ಬಳೆ ತಿರುಗಿಸಿದರೆ ಅದು ಬದಲಾಗುವದಿಲ್ಲ. ಬಳೆಯು ಸ್ಪ್ರಿಂಗನ್ನು ಮೊದಲೇ ತುಸು ಅದುಮಿಡುವದು, ಅಷ್ಟೇ. ಅದರಿಂದ ಗಾಡಿಯ ಹಿಂಭಾಗ ಎತ್ತರಿಸಿ ನಿಲ್ಲುವದು. ಹೇರು ಹಾಕಿದಾಗ ತಳಕ್ಕೆ ಬಡಿಯುವದು ತಪ್ಪುವದು. ಹೇರಿಲ್ಲದೆಯೇ ಕಡೆಯ ಮೆಟ್ಟಿಲಿನಲ್ಲಿಟ್ಟರೆ ಗಾಲಿಯು ತಗ್ಗಿನೊಳಗೆ ಇಳಿಯಲು ಅವಕಾಶವೇ ಸಾಲದೆ ಪ್ರತಿಯೊಂದು ಕುಲುಕೂ ಸೀಟಿಗೆ ಮುಟ್ಟುವದು. ಅದರ ಮೇಲೆ ಒಳಗಿನ ಎಣ್ಣೆಯೂ ಇಲ್ಲದಿದ್ದರೆ ಅದುಮಿಟ್ಟ ಸ್ಪ್ರಿಂಗು ಮೇಲಕ್ಕೆ ಎಸೆಯುವದು. ಐವತ್ತು ರೂಪಾಯಿ ಕೊಟ್ಟು ನಾವು ಮಾಡಿಸಿಕೊಂಡು ಬಂದದ್ದು ಇದನ್ನೇ.

ಸರಿಯಾದ ಮೆಟ್ಟಿಲನ್ನು ಅಳತೆಯಿಂದ ಗೊತ್ತುಮಾಡಬೇಕು. ಡಬಲ್ ಸ್ಟ್ಯಾಂಡಿನ ಮೇಲೆ ಹಿಂಗಾಲಿ ಗಾಳಿಯಲ್ಲಿರುವಾಗ, ಗಾಲಿಯ ಅಚ್ಚಿನಿಂದ ಸೀಟಿನ ಕೆಳಗಿನ ಒಂದು ಗುರುತಿನ ವರೆಗೆ ಟೇಪಿನಿಂದ ಅಳೆಯಿರಿ. ಬಳಿಕ ನೆಲಕ್ಕಿಳಿಸಿ, ದಿನನಿತ್ಯ ಕೂಡುವವರು ಕೂತಮೇಲೆ ಮತ್ತೊಮ್ಮೆ ಅಳೆಯಿರಿ. ಎರಡರ ಅಂತರವು ಗಾಲಿಯ ಒಟ್ಟು ಓಟದ ಮೂರನೆಯ ಒಂದು ಅಂಶದ ಆಸುಪಾಸಿಗೆ ಇದ್ದರೆ ಒಳ್ಳೆಯದು. ನಮ್ಮ ಗಾಡಿಯ ಓಟ ಸುಮಾರು 80 ಮಿಲಿಮೀಟರು. ಮೊದಲನೆಯ ಮೆಟ್ಟಿಲಿನಲ್ಲಿ ನಾವಿಬ್ಬರೂ ಕುಳಿತಾಗ 38 ಮಿಲಿಮೀಟರು ಕುಸಿಯಿತು, ಮೂರನೆಯದರಲ್ಲಿ 29. ಮೂರನೆಯದರಲ್ಲಿಯೇ ಇಟ್ಟೆವು. ಟೇಪು ಹಿಡಿದವನು ಪಕ್ಕದ ಮನೆಯ ಹುಡುಗ; ಅಜ್ಜ ಅಜ್ಜಿ ನಿಂತ ಗಾಡಿಯ ಮೇಲೆ ಏರಿ ಇಳಿಯುವದನ್ನು ನೋಡಲು ಓಣಿಯೆಲ್ಲ ಕೂಡಿತ್ತು. ಎರಡೂ ಬದಿಯ ಬಳೆಗಳು ಒಂದೇ ಮೆಟ್ಟಿಲಿನಲ್ಲಿರಬೇಕೆಂಬದು ಹೇಳಲವಶ್ಯವಿಲ್ಲ, ಆದರೂ ಹೇಳುವೆವು. ಹಿಂಭಾಗದ ಎತ್ತರ ಬದಲಾದರೆ ಚೈನಿನ ಸಡಿಲವೂ ತುಸು ಬದಲಾಗುವದು. ಹಾಗೆಯೇ ಮುಂದಿನ ದೀಪದ ಬೆಳಕೂ. ಹಿಂದೆ ಕುಸಿದ ಗಾಡಿಯ ದೀಪ ಎದುರಿನವನ ಕಣ್ಣಿಗೆ ಹೊಡೆಯುವದು. ರಾತ್ರಿ ಮುಂಡರಗಿಯ ಹಾದಿಯಲ್ಲಿ ಎದುರಿನಿಂದ ಬಂದು ನಮ್ಮನ್ನು ಕುರುಡಾಗಿಸುವ ದೀಪಗಳಲ್ಲಿ ಕೆಲವು ಚೀಲ ಹೇರಿದವುಗಳವೇ.

ಹುಡುಗರ ಹೊಸ ಗಾಡಿಗಳಲ್ಲಿ ಎರಡರ ಬದಲು ಒಂದೇ ದಪ್ಪ ಶಾಕಪ್ಪು ಸೀಟಿನ ಕೆಳಗೆ ನಡುವಿನಲ್ಲಿ ಅಡಗಿರುವದು. ಇದನ್ನು ಪ್ರಸಿದ್ಧಿಗೆ ತಂದದ್ದು ಯಮಾಹಾ ಕಂಪನಿ; ಬೆಲ್ಜಿಯಮ್ಮಿನ ಲೂಸಿಯನ್ ಟಿಲ್ಕೆನ್ಸನ ಕಲ್ಪನೆಯಿಂದಾದ ಈ ಬಗೆಯ ಗಾಡಿಯ ಮೇಲೆ ಸ್ವೀಡನ್ನಿನ ಹೊಕಾನ್ ಆಂಡರ್ಸನ್ನನು 1973ರಲ್ಲಿ ಮಣ್ಣಿನ ಪಂದ್ಯಗಳ 250 ಸಿಸಿ ವರ್ಗದಲ್ಲಿ ಜಗಜ್ಜೇತನಾದನು. ವಿಹಾರಸ್ಥಾನಗಳಲ್ಲಿ ಮರಳು ಮಣ್ಣುಗಳ ಮೇಲೆ ಓಡಿಸುವ ನಾಲ್ಕು ದಪ್ಪ ಗಾಲಿಗಳ ಏಟಿವಿ ಎಂಬ ಗಾಡಿಯನ್ನು ಕೆಲವು ವಾಚಕರು ನೋಡಿರಬಹುದು. 1970ರಲ್ಲಿ ಹೊಂಡಾ ಕಂಪನಿಯು ಮಾರಾಟಕ್ಕೆ ತಂದ ಅದರ ಪೂರ್ವಜಕ್ಕೆ ಮೂರೇ ಗಾಲಿ. ಸ್ಪ್ರಿಂಗೂ ಇಲ್ಲ, ಎಣ್ಣೆಯೂ ಇಲ್ಲ. ಗಾಳಿ ತುಂಬಿದ ಬುಗ್ಗೆಯಂಥ ಟಾಯರುಗಳೇ ಸ್ಪ್ರಿಂಗು. ಶಮನವಿಲ್ಲದ ಆ ಪುಟಿತವೂ ಮೂರು ಗಾಲಿಯ ಅಸ್ಥಿರತೆಯೂ ಸೇರಿ ಅಪಘಾತಗಳು ಹೆಚ್ಚಲು, 1988ರಲ್ಲಿ ಅಮೇರಿಕೆಯಲ್ಲಿ ಮೂರು ಗಾಲಿಯವುಗಳ ಮಾರಾಟವೇ ನಿಂತಿತು. ಪಂದ್ಯದ ಜಾತಿಯ ನಾಲ್ಕು ಗಾಲಿಯ ಗಾಡಿಗಳಲ್ಲಿ ಹಿಂದಿನ ಎರಡು ಗಾಲಿಗಳಿಗೂ ಸಾಮಾನ್ಯವಾಗಿ ಒಂದೇ ಶಾಕಪ್ಪು. ಅಂಥದನ್ನು ಬಿಚ್ಚುವಾಗ ಆಧಾರ ಕೊಡಲು ಇನ್ನೊಂದು ಶಾಕಪ್ಪು ಇಲ್ಲದ್ದರಿಂದ ಗಾಡಿಯ ಮೈಯನ್ನು ಗಟ್ಟಿ ಪೀಠದ ಮೇಲೆ ಎತ್ತಿ ನಿಲ್ಲಿಸಿ, ಅಚ್ಚಿನ ಕೆಳಗೂ ಆಸರೆಯಿಡುವದು ಅಗತ್ಯ. ಕುಸಿತದ ಮೂರನೆಯ ಅಂಶದ ಲೆಕ್ಕ ಅಲ್ಲಿಯೂ ಅದೇ. ಎಣ್ಣೆಯ ರಂಧ್ರಗಳನ್ನು ಹೊರಗಿನಿಂದಲೇ ಕಿರಿದು ಹಿರಿದು ಮಾಡುವ ತಿರುಪುಗಳೂ ಅವುಗಳಿಗಿರುವವು. ಅದನ್ನು ಮೆಲ್ಲಗೆ ಒಳಕ್ಕೆ ತಿರುಗಿಸುತ್ತ, ಎಷ್ಟು ಸಲ ಕಟ್ಟೆಂದಿತೆಂಬದನ್ನು ಎಣಿಸಿ ಬರೆದಿಟ್ಟುಕೊಂಡು, ಆಮೇಲೆ ಬದಲಾವಣೆಗೆ ತೊಡಗಬೇಕು. ಒಮ್ಮೆಗೆ ಒಂದೇ ತಿರುಪು, ಒಂದೆರಡೇ ಕಟ್ಟು. ನಮ್ಮ ಮೊಮ್ಮಗನ ಗಾಡಿಯೂ ಒಂದೇ ಶಾಕಪ್ಪಿನದು. ಅದರ ಬೆಲೆ ಕೇಳಿದ ಮೇಲೆ ನಮ್ಮ ಹಳೆಯ ಜೋಡಿಯ ಮೇಲೆ ನಮಗೆ ಪ್ರೀತಿ ಹೆಚ್ಚಿರುವದು.

ಕೈ ಕೂಡಿಬಂದ ಮೇಲೂ ನಮ್ಮ ಮನೆಯವರು ಬಹಳ ದಿನ ಗಾಡಿಯ ಹತ್ತಿರ ಸುಳಿಯಲಿಲ್ಲ. ಶಿರಹಟ್ಟಿಗೂ ಬಸ್ಸಿನಲ್ಲಿಯೇ ಹೋಗಿ ಬಂದರು. ನಾವೂ ಒತ್ತಾಯ ಮಾಡಲಿಲ್ಲ. ಮಾಘ ಮಾಸದಲ್ಲಿ ಮುಂಡರಗಿಯ ಬೀಗರಲ್ಲಿ ತೊಟ್ಟಿಲ ಕಾರ್ಯವಿತ್ತು. ಬೆಳಿಗ್ಗೆ ನಾವು ಗಾಡಿಯನ್ನು ಅಂಗಳಕ್ಕೆ ತಂದು ಒರೆಸುತ್ತಿರುವಾಗ ಅವರು ಹೊರಗೆ ಬಂದು, ಸೆರಗು ಸೊಂಟಕ್ಕೆ ಸಿಗಿಸಿ, ಬಲಗೈಯನ್ನು ಸೀಟಿನ ಹಿಂಭಾಗದ ಮೇಲಿಟ್ಟು ಬಲವಾಗಿ ಒತ್ತಿ ಬಿಟ್ಟರು. ಗಾಡಿ ಎದ್ದಿತು, ನಿಂತಿತು. "ಒಂದs ಸಲ ಎದ್ದೈತ್ರಿ. ನಡೀರಿ, ಡಂಬಳದ ಹಾದಿಲೆ ಹೋಗೂಣು" ಎಂದು ಹೇಳಿ ಹೆಲ್ಮೆಟ್ಟು ತರಲು ಒಳಗೆ ಹೋದರು.